128 ಸದ್ದು, ಒಂದು ಬಟನ್ ಸೆಲ್

ನಮ್ಮ ಕಾಸರಗೋಡು ಕಡೆ ರಸಮಂಜರಿಯಲ್ಲಿ ಗಿಟಾರ್ ಹಿಡಿದವನ ಪಾಡು ಮೊದಲು ಹೇಳಿಬಿಡುತ್ತೇನೆ. ಬದಿಯಡ್ಕ, ಕುಂಬಳೆ, ಉಪ್ಪಳ, ಊರು ಯಾವುದೇ ಇರಲಿ, ಶುರುವಿಗೆ ಒಂದು ಗಣಪತಿ ಸ್ತುತಿ. ಅದಕ್ಕೆ ತಿಳಿಯಾದ ಸದ್ದು ಬೇಕು. ಅದರ ಬೆನ್ನಿಗೇ ಹಳೆಯ ಕನ್ನಡ ಡ್ಯುಯೆಟ್ಟು, ಆಮೇಲೆ ತುಳು ಹಾಡು, ಮಲಯಾಳದ್ದು ಎರಡು, ಹಿಂದಿಯದ್ದು ಒಂದು, ಕೊನೆಗೆ ಹುಡುಗರು ಕುಣಿಯಲಿಕ್ಕೆ ಡಿಸ್ಟಾರ್ಷನ್ (ಬೇಕೆಂದೇ ಒರಟು ಮಾಡಿದ ಸದ್ದು) ಹಾಕಿ ಬಾರಿಸುವಂಥದ್ದು. ನಿರೂಪಕ ಒಂದು ಜೋಕ್ ಹೇಳಿ ಮುಗಿಸುವಷ್ಟರಲ್ಲಿ ಗಿಟಾರಿನ ಸದ್ದು ಪೂರ್ತಿ ಬದಲಾಗಿರಬೇಕು. ಬಗ್ಗಿ ನಾಲ್ಕು ಪೆಡಲ್ ಒತ್ತಿ, ಎರಡು ನಾಬ್ ತಿರುಗಿಸಿ ಏಳುವಾಗ ಕೀಬೋರ್ಡಿನವ ಬಿಜಿಎಂ ಅರ್ಧ ನುಡಿಸಿ ಆಗಿರುತ್ತದೆ.

ಪ್ರೋಗ್ರಾಂ ಮಾಡಬಹುದಾದ, ಅಂದರೆ ಬೇಕಾದ ಸದ್ದಿನ ಅಳತೆಗಳನ್ನು ನೆನಪಿಟ್ಟುಕೊಳ್ಳುವ ರ‍್ಯಾಕ್ ಪ್ರಿಯಾಂಪ್ ಹುಟ್ಟಿದ್ದು ಇದೇ ತಲೆನೋವಿನಿಂದ. ಹುಟ್ಟಿದ್ದು ಮಾತ್ರ ನಮ್ಮ ಜಾತ್ರೆ ಮೈದಾನಕ್ಕಾಗಿ ಅಲ್ಲ, ದೂರದ ಕ್ಯಾಲಿಫೋರ್ನಿಯಾದಲ್ಲಿ.

ಪ್ರಿಯಾಂಪ್ ಅಂದರೆ ಗಿಟಾರಿನಿಂದ ಬರುವ ಸಣ್ಣ ಸಿಗ್ನಲ್‌ಗೆ ಬಣ್ಣ ಕೊಡುವ ಭಾಗ. ಎಷ್ಟು ಒರಟು, ಎಷ್ಟು ಬೇಸ್, ಎಷ್ಟು ಟ್ರೆಬಲ್ ಎಂಬುದೆಲ್ಲ ಅಲ್ಲೇ ತೀರ್ಮಾನ. ಸ್ಪೀಕರ್ ಅಲುಗಾಡಿಸುವ ಬಲ ಅದಕ್ಕಿಲ್ಲ, ಅದು ಪವರ್ ಆಂಪಿನ ಕೆಲಸ. ಹಳೆಯ ಗಿಟಾರ್ ಆಂಪ್‌ಗಳಲ್ಲಿ ಇವೆರಡೂ ಒಂದೇ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಒಂದು ಆಂಪಿಗೆ ಹೆಚ್ಚುಕಮ್ಮಿ ಒಂದೇ ಸ್ವಭಾವ. ಫೆಂಡರ್ ಅಂದರೆ ತಿಳಿ, ಮಾರ್ಷಲ್ ಅಂದರೆ ಒರಟು. 1970ರ ದಶಕದ ಕೊನೆಗೆ ಮೆಸಾ ಬೂಗಿಯಂಥವರು ಕಾಲಿನಿಂದ ಒತ್ತಿ ಚಾನೆಲ್ ಬದಲಿಸುವ ಆಂಪ್ ತಂದರು. ಆದರೂ ಸಿಕ್ಕಿದ್ದು ಎರಡು ಸದ್ದು.

ಎರಡು ಸಾಲುತ್ತಿರಲಿಲ್ಲ. ಲಾಸ್ ಏಂಜಲೀಸ್‌ನ ಸ್ಟುಡಿಯೋ ಗಿಟಾರಿಸ್ಟ್‌ಗಳು ಬೆಳಿಗ್ಗೆ ಜಾಹೀರಾತಿಗೆ ನುಡಿಸಿ, ಮಧ್ಯಾಹ್ನ ಪ್ರೇಮಗೀತೆ, ರಾತ್ರಿ ರಾಕ್ ಎಂದು ಓಡಾಡುವವರು. ಅವರು ಬೇರೆ ಬೇರೆ ಪ್ರಿಯಾಂಪ್, ಪ್ರತಿಧ್ವನಿ ಕೊಡುವ ಡಿಲೇ, ರಿವರ್ಬ್ ಎಲ್ಲವನ್ನೂ ಒಂದು ಕಪಾಟಿಗೆ, ಅದೇ ರ‍್ಯಾಕಿಗೆ, ತುರುಕಿದರು. ಕಪಾಟಿನ ಅಳತೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಕಾಲದ್ದು: ಅಗಲ 19 ಇಂಚು, ಒಂದು ಯೂನಿಟ್‌ನ ಎತ್ತರ 1.75 ಇಂಚು. ಇಂದಿಗೂ ಅದೇ. ಎತ್ತರದಲ್ಲಿ ಅದು ಫ್ರಿಜ್ಜಿನಷ್ಟಾಯಿತು, ಹೆಸರೂ ಫ್ರಿಜ್ ಎಂದೇ ಆಯಿತು. ಅದನ್ನೆಲ್ಲ ಒಂದು ಪೆಡಲ್ ಹಲಗೆಯಿಂದ ಬದಲಿಸುವ ವ್ಯವಸ್ಥೆ ಕಟ್ಟಿಕೊಡುವುದರಲ್ಲಿ ಹೆಸರು ಮಾಡಿದವರು ಬಾಬ್ ಬ್ರ್ಯಾಡ್‌ಶಾ. ದುಡ್ಡಿದ್ದವರ ಆಟ ಅದು, ಎತ್ತಲಿಕ್ಕೆ ಆಳು ಇದ್ದವರದ್ದು.

1983ರಲ್ಲಿ ಮಿಡಿ ಬಂತು. ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್, ರೋಲ್ಯಾಂಡ್‌ನ ಇಕುತಾರೊ ಕಾಕೆಹಾಶಿ ಮುಂದೆ ನಿಂತು, ಬೇರೆ ಬೇರೆ ಕಂಪೆನಿಯ ಕೀಬೋರ್ಡ್‌ಗಳು ಒಂದಕ್ಕೊಂದು ಮಾತಾಡುವ ಭಾಷೆ ತಂದರು. (ಮರುವರ್ಷ ಕಾಸರಗೋಡು ಜಿಲ್ಲೆಯಾಯಿತು. ಎರಡಕ್ಕೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ. ಏಳು ಭಾಷೆ ಇಟ್ಟುಕೊಂಡು ಸುಧಾರಿಸುತ್ತಿರುವ ನಮಗೆ ಆ ಕಷ್ಟ ಅರ್ಥವಾಗುತ್ತದೆ.) ಮಿಡಿಯಲ್ಲಿ ‘ಪ್ರೋಗ್ರಾಂ ಚೇಂಜ್’ ಎಂಬ ಆಜ್ಞೆ ಉಂಟು. ಇಷ್ಟನೇ ನಂಬರಿಗೆ ಹೋಗು ಅನ್ನುತ್ತದೆ, ಅಷ್ಟೇ. ನಂಬರ್‌ಗಳು ಒಟ್ಟು 128. ಕೀಬೋರ್ಡಿಗೆ ಮಾಡಿದ ಈ ಸೌಕರ್ಯವನ್ನು ಗಿಟಾರಿಗೂ ಹಾಕಿದರೆ ಹೇಗೆ ಎಂದು ಯಾರಿಗಾದರೂ ಹೊಳೆಯಲೇಬೇಕಿತ್ತು.

1987ರಲ್ಲಿ ಎಡಿಎ ಎಂಬ ಕ್ಯಾಲಿಫೋರ್ನಿಯಾದ ಸಣ್ಣ ಕಂಪೆನಿ ಎಂಪಿ-1 ತಂದಿತು. ಮಿಡಿಯಿಂದ ಬದಲಿಸಬಹುದಾದ ವಾಲ್ವ್ ಪ್ರಿಯಾಂಪ್‌ಗಳಲ್ಲಿ ಮೊದಲನೆಯದು ಎಂದು ಸಾಮಾನ್ಯವಾಗಿ ಹೇಳುವುದು ಇದನ್ನೇ. ಒಂದೇ ಯೂನಿಟ್ ಎತ್ತರ, ಒಳಗೆ ಎರಡು 12ಎಎಕ್ಸ್7 ವಾಲ್ವ್, ಸದ್ದನ್ನು ದಪ್ಪ ಮಾಡುವ ಕೋರಸ್ ಅದರಲ್ಲೇ, ನೆನಪಿಡಲಿಕ್ಕೆ 128 ಜಾಗ. ಅಜ್ಜನ ಮನೆಯ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿತ್ತಲ್ಲ, ಅದೇ ಜಾತಿಯ ವಾಲ್ವ್, ಸ್ವಲ್ಪ ಸಣ್ಣದು. 1990ರ ದಶಕದ ಆರಂಭದಲ್ಲಿ ಮೆಸಾ ಬೂಗಿಯ ಟ್ರೈಆಕ್ಸಿಸ್ ಬಂತು, ಐದು ವಾಲ್ವ್, 90 ಜಾಗ. ಮಾರ್ಷಲ್‌ನ ಜೆಎಂಪಿ-1 ಬಂತು, ಎರಡು ವಾಲ್ವ್, 100 ಜಾಗ. ಐರನ್ ಮೇಡನ್ ಎಂಬ ರಾಕ್ ತಂಡದ ಗಿಟಾರಿಸ್ಟ್‌ಗಳು ಜೆಎಂಪಿ-1 ಹಿಡಿದುಕೊಂಡು ವರ್ಷಗಟ್ಟಲೆ ಊರೂರು ಸುತ್ತಿದರು. ಮೆಟಾಲಿಕಾ ತಂಡದ ಜೇಮ್ಸ್ ಹೆಟ್‌ಫೀಲ್ಡ್ ಟ್ರೈಆಕ್ಸಿಸ್ ಬಳಸಿದರು.

ಇಲ್ಲಿ ಜಾಸ್ತಿ ಜನ ತಪ್ಪು ತಿಳಿಯುವ ಒಂದು ವಿಷಯ ಉಂಟು. ಈ ಪೆಟ್ಟಿಗೆಗಳು ಸದ್ದನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳುವುದಿಲ್ಲ. ಗಿಟಾರಿನ ಸಿಗ್ನಲ್ ವಾಲ್ವ್ ಮೂಲಕ, ಹಳೆಯ ದಾರಿಯಲ್ಲೇ ಹೋಗುತ್ತದೆ. ಡಿಜಿಟಲ್ ಚಿಪ್ ಮಾಡುವುದು ನಾಬ್ ತಿರುಗಿಸುವ ಕೆಲಸ ಮಾತ್ರ. ಗೇನ್ (ಒರಟುತನ) 14, ಬೇಸ್ 2, ಟ್ರೆಬಲ್ 3 ಎಂದು ನಂಬರ್ ನೆನಪಿಟ್ಟು, ನೀವು ಕರೆದಾಗ ಆ ನಂಬರಿಗೆ ತಂದು ನಿಲ್ಲಿಸುತ್ತದೆ. ಟ್ರೈಆಕ್ಸಿಸ್ ಇದಕ್ಕೆ ಬಳಸಿದ್ದು ಬೆಳಕು: ಸಣ್ಣ ದೀಪದ ಬೆಳಕು ಹೆಚ್ಚು ಕಡಿಮೆಯಾದ ಹಾಗೆ ಅದರೆದುರಿನ ರೆಸಿಸ್ಟರ್ ಬದಲಾಗುತ್ತದೆ. ನನಗೆ ಈ ಉಪಾಯದ ಮೇಲೆ ತುಂಬ ಪ್ರೀತಿ. ಯಾರೋ ಕತ್ತಲೆ ಕೋಣೆಯಲ್ಲಿ ಕೂತು ಚಿಮಣಿಯ ಬತ್ತಿ ಏರಿಸಿ ಇಳಿಸಿ ಮಾಡುತ್ತಿದ್ದಾರೆ ಅನ್ನುವ ಹಾಗೆ.

ಲಾಭ ಏನೆಂದು ಉದ್ದ ವಿವರಿಸಬೇಕಾಗಿಲ್ಲ. ಎಂಟನೇ ನಂಬರ್ ಒತ್ತಿದರೆ ತುಳು ಹಾಡಿನ ಸದ್ದು, ಒಂಬತ್ತು ಒತ್ತಿದರೆ ಹಿಂದಿಯದ್ದು. ಡಿಲೇ, ರಿವರ್ಬ್ ಯಂತ್ರಗಳಿಗೂ ಮಿಡಿ ಕೇಬಲ್ ಕೊಟ್ಟರೆ ಅವೂ ಅದೇ ಹೆಜ್ಜೆಗೆ ಬದಲಾಗುತ್ತವೆ. ಬದಲಾಗುವಾಗ ನಡುವೆ ಕ್ಷಣಮಾತ್ರ ಸದ್ದು ನಿಲ್ಲುತ್ತದೆ, ಅದಕ್ಕೆ ಮಿಡಿ ನಿಧಾನ ಎಂದು ಬೈಯುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಮಿಡಿ ಸೆಕೆಂಡಿಗೆ 31,250 ಬಿಟ್ ಕಳಿಸುತ್ತದೆ, ಪ್ರೋಗ್ರಾಂ ಚೇಂಜ್‌ಗೆ ಬೇಕಾದದ್ದು 20 ಬಿಟ್. ಅಂದರೆ ಒಂದು ಮಿಲಿಸೆಕೆಂಡೂ ಬೇಡ. ನಾವು ಕೇಳುವ ಆ ಖಾಲಿ ಜಾಗ ‘ಟಪ್’ ಎಂಬ ಸದ್ದು ಬಾರದಿರಲಿ ಎಂದು ಯಂತ್ರವೇ ಬಾಯಿ ಮುಚ್ಚಿಕೊಳ್ಳುವುದು.

ಮಿಡಿಯಲ್ಲಿ ನಿಜವಾಗಿ ಮಂಡೆ ಬಿಸಿ ಮಾಡುವುದು ಬೇರೆ. ಕೆಲವು ಕಂಪೆನಿಗಳು 0ಯಿಂದ 127ರ ತನಕ ಎಣಿಸುತ್ತವೆ, ಕೆಲವು 1ರಿಂದ 128ರ ತನಕ. ಕಾಲಿನ ಪೆಡಲ್ ಒಂದು ರೀತಿ, ಪ್ರಿಯಾಂಪ್ ಇನ್ನೊಂದು ರೀತಿ ಎಣಿಸಿದರೆ ಗಣಪತಿ ಸ್ತುತಿಗೆ ಪಕ್ಕದ ನಂಬರಿನ ಡಿಸ್ಟಾರ್ಷನ್ ಏಳುತ್ತದೆ. ನನಗೆ ಆಗಿದೆ. ಮುಂದಿನ ಸಾಲಿನಲ್ಲಿ ಕೂತ ಆಡಳಿತ ಮೊಕ್ತೇಸರರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮೂರಿಗೆ ಇಂಥ ಯಂತ್ರ ಬಂದ ದಾರಿ ಗಲ್ಫಿನದ್ದು. ಅಂಗಡಿಯಲ್ಲಿ ಕೇಳಿದರೆ ಸಿಗುವ ಸಾಮಾನಲ್ಲ, ಊರಿಗೆ ಬರುವವರ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಬಂದದ್ದೇ. ದುಬೈಯಿಂದ ಬಂದರೆ ಪ್ಲಗ್ ಮಾತ್ರ ಬೇರೆ, ವೋಲ್ಟೇಜ್ ನಮ್ಮದೇ ರೀತಿ. ಸೌದಿಯಲ್ಲಿ ಆಗ ಬಹಳ ಕಡೆ 127 ವೋಲ್ಟ್. ಯಂತ್ರದ ಹಿಂಬದಿಯಲ್ಲಿ ಬರೆದದ್ದನ್ನು ಓದದೆ ನಮ್ಮ 230ಕ್ಕೆ ಚುಚ್ಚಿದರೆ ಫ್ಯೂಸ್ ಹೋದರೆ ಪುಣ್ಯ, ಟ್ರಾನ್ಸ್‌ಫಾರ್ಮರೇ ಹೋದರೆ ಕಥೆ ಮುಗಿಯಿತು. ಅಮೆರಿಕದ ಸಾಮಾನಿಗೂ ಇದೇ ಮಾತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಒಂದು ಇಟ್ಟಿಗೆಯ ಭಾರ, ಅದನ್ನೂ ಹೊರಬೇಕು.

ನಮ್ಮ ತಂಡಕ್ಕೆ ಸಿಕ್ಕಿದ್ದೂ ಹೀಗೆಯೇ, ಪಕ್ಕದ ಮನೆಯವರ ಅಳಿಯನ ಕೈಯಲ್ಲಿ ಬಂದ ಹಳೆಯ ಯಂತ್ರ. ಯಾವ ಕಂಪೆನಿಯದ್ದು ಎಂಬುದು ಬೇಡ. ಮೊದಲ ಸೀಸನ್‌ನಲ್ಲಿ ನಾನು ರಾಜ. ಮನೆಯ ಚಾವಡಿಯಲ್ಲಿ ಕೂತು ನಲವತ್ತು ಹಾಡಿಗೆ ನಲವತ್ತು ಸದ್ದು ಮಾಡಿಟ್ಟೆ. ಮೈದಾನಕ್ಕೆ ಹೋಗಿ ನುಡಿಸಿದರೆ ಅದರಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದ್ದು. ಯಾಕೆಂದರೆ ನಮ್ಮ ಕಿವಿ ಸಣ್ಣ ವಾಲ್ಯೂಮಿನಲ್ಲಿ ಬೇಸನ್ನು ಕಡಿಮೆ ಕೇಳುತ್ತದೆ. ಮನೆಯಲ್ಲಿ ಮೆಲ್ಲಗೆ ನುಡಿಸುವಾಗ ಬೇಸ್ ಸಾಲದು ಎಂದು ಏರಿಸುತ್ತೇವೆ, ಅದೇ ನಂಬರ್ ಮೈದಾನದ ವಾಲ್ಯೂಮಿಗೆ ಹೋದಾಗ ಗುಂಯ್ ಎನ್ನುತ್ತದೆ. ಮನೆಯಲ್ಲಿ ಚಂದ ಕೇಳಿದ ಕೋರಸ್, ಕೀಬೋರ್ಡು ರಿದಂ ಪ್ಯಾಡು ಎಲ್ಲ ಸೇರಿದಾಗ ನೀರಿಗೆ ಹಾಕಿದ ಸಕ್ಕರೆ. ಯಕ್ಷಗಾನದ ಮದ್ದಳೆಗಾರರನ್ನು ನೋಡಿ, ಪ್ರತಿ ರಾತ್ರಿ ಸುತ್ತಿಗೆ ಹಿಡಿದು ಶ್ರುತಿ ಮಾಡಿಕೊಳ್ಳುತ್ತಾರೆ. ನಿನ್ನೆಯ ಶ್ರುತಿ ಇವತ್ತಿನ ಮಂಜಿಗೆ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತು. ನಾನು ನಿನ್ನೆಯದ್ದನ್ನೇ ನಂಬರ್ ಹಾಕಿ ಇಟ್ಟುಕೊಂಡಿದ್ದೆ. ಸ್ಟೇಜಿನಲ್ಲಿ ನಿಂತು ಸರಿಮಾಡೋಣ ಎಂದರೆ ನಾಬ್ ಇಲ್ಲ. ಪ್ಯಾರಾಮೀಟರ್ ಹುಡುಕಿ, ಒತ್ತಿ, ನಂಬರ್ ಬದಲಿಸಿ, ಸೇವ್ ಮಾಡಬೇಕು. ಮರೆತು ಮುಂದಿನ ಹಾಡಿಗೆ ಹೋದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ.

ಇನ್ನೊಂದು ಸಮಸ್ಯೆ ಸೌಂಡ್ಸ್‌ನವರ ಕಡೆಯಿಂದ. ಬಾಡಿಗೆಗೆ ಬರುವ ಅವರ ಲಾರಿಯಲ್ಲಿ ಮಿಕ್ಸರ್, ಬಾಕ್ಸ್, ಮೈಕ್ ಎಲ್ಲ ಇರುತ್ತದೆ, ಗಿಟಾರ್ ಕ್ಯಾಬಿನೆಟ್ (ಗಿಟಾರಿಗೆಂದೇ ಮಾಡಿದ ಸ್ಪೀಕರ್ ಪೆಟ್ಟಿಗೆ) ಇರುವುದಿಲ್ಲ. ಪ್ರಿಯಾಂಪನ್ನು ನೇರ ಮಿಕ್ಸರಿಗೆ ಕೊಟ್ಟರೆ ಡಿಸ್ಟಾರ್ಷನ್ ಕಣಜ ಗೂಡಿನಿಂದ ಎದ್ದ ಹಾಗೆ ಕೇಳುತ್ತದೆ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದ್ದನ್ನು ಹೆಚ್ಚು ಹೊರಗೆ ಬಿಡುವುದಿಲ್ಲ, ಜಾತ್ರೆಯ ಬಾಕ್ಸ್ ಎಲ್ಲವನ್ನೂ ಬಿಡುತ್ತದೆ. ಜೆಎಂಪಿ-1ರಲ್ಲಿ ಸ್ಪೀಕರಿನ ಗುಣವನ್ನು ಅನುಕರಿಸುವ ಬೇರೆ ಔಟ್‌ಪುಟ್ ಇಟ್ಟದ್ದು ಇದಕ್ಕೇ. 100 ಜಾಗಕ್ಕಿಂತ ಆ ಎರಡು ಜ್ಯಾಕ್ ನಮ್ಮಂಥವರಿಗೆ ಹೆಚ್ಚು ಉಪಕಾರ ಎಂದು ನನ್ನ ಅಭಿಪ್ರಾಯ.

ಆಮೇಲೆ ಮೂರು ವರ್ಷ ಕಳೆದು ಒಂದು ದೀಪಾವಳಿ. ಮಳೆಗಾಲವಿಡೀ ಅಟ್ಟದಲ್ಲಿ ಇಟ್ಟಿದ್ದ ಯಂತ್ರವನ್ನು ಇಳಿಸಿ, ಬೂಷ್ಟು ಒರೆಸಿ, ಆನ್ ಮಾಡಿದೆ. ಡಿಸ್‌ಪ್ಲೇಯಲ್ಲಿ ಅರ್ಥವಿಲ್ಲದ ಅಂಕಿಗಳು. ನಲವತ್ತೂ ಹೋಗಿತ್ತು. ಆ ಕಾಲದ ಇಂಥ ಯಂತ್ರಗಳಲ್ಲಿ ಬಹುಪಾಲು ಕರೆಂಟ್ ಇಲ್ಲದಾಗ ನೆನಪು ನಿಲ್ಲುವುದು ಒಳಗಿನ 3 ವೋಲ್ಟಿನ ಲಿಥಿಯಂ ಸೆಲ್ಲಿನಿಂದ. ಗಡಿಯಾರದ ಸೆಲ್ಲಿನ ಅಣ್ಣನಂಥದ್ದು. ವರ್ಷಗಟ್ಟಲೆ ಬಾಳುತ್ತದೆ, ಮತ್ತೆ ಹೇಳದೆ ಕೇಳದೆ ಸಾಯುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಬೋರ್ಡಿಗೆ ಸೋಲ್ಡರ್ ಮಾಡಿರುತ್ತಾರೆ. ಬಿಚ್ಚಿದ ಕ್ಷಣ ಉಳಿದ ನೆನಪೂ ಹೋಗುತ್ತದೆ. ಹಾಗಾಗಿ ಮಿಡಿ ಮೂಲಕ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸುವ ಸೌಕರ್ಯ ಇದ್ದರೆ ಮೊದಲು ಅದನ್ನು ಮಾಡಿ. ಮುಚ್ಚಳ ತೆಗೆಯುವ ಉತ್ಸಾಹ ಇದ್ದವರಿಗೆ ಇನ್ನೊಂದು ಮಾತು: ವಾಲ್ವಿಗೆ ಕೊಡುವ ಡಿಸಿ ಇನ್ನೂರು, ಮುನ್ನೂರು ವೋಲ್ಟ್ ಇರಬಹುದು, ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಗೊತ್ತಿದ್ದವರ ಕೈಗೆ ಕೊಡಿ.

ಅಷ್ಟರಲ್ಲಿ ಹೊರಗಿನ ಲೋಕದಲ್ಲಿ ಈ ಪೆಟ್ಟಿಗೆಗಳ ಕಾಲ ಮುಗಿಯುತ್ತ ಬಂದಿತ್ತು. 1990ರ ದಶಕದ ಗ್ರಂಜ್ ಎಂಬ ರಾಕ್ ಸಂಗೀತದ ಅಲೆಯಲ್ಲಿ ಹರಕು ಜೀನ್ಸಿನ ಜೊತೆ ಹಳೆಯ ಆಂಪ್, ನಾಲ್ಕು ಪೆಡಲ್ ಇರುವುದೇ ಫ್ಯಾಷನ್. ಫ್ರಿಜ್ ಗಾತ್ರದ ರ‍್ಯಾಕ್ ನಗೆಪಾಟಲು. 1998ರಲ್ಲಿ ಲೈನ್ 6 ಕಂಪೆನಿಯ ಪಾಡ್ ಬಂದು, ಆಂಪಿನ ಸದ್ದನ್ನೇ ಕಂಪ್ಯೂಟರಿನ ಲೆಕ್ಕದಿಂದ ಹುಟ್ಟಿಸಬಹುದು ಎಂದು ತೋರಿಸಿತು. 2006ರಲ್ಲಿ ಫ್ರಾಕ್ಟಲ್‌ನ ಆಕ್ಸ್-ಎಫ್ಎಕ್ಸ್, 2011ರಲ್ಲಿ ಕೆಂಪರ್, ಎಲ್ಲ ಇದೇ ಜಾತಿಯವು. ಆಕ್ಸ್-ಎಫ್ಎಕ್ಸ್ ಬಂದದ್ದು ಮತ್ತೆ ಅದೇ 19 ಇಂಚಿನ ಪೆಟ್ಟಿಗೆಯಲ್ಲಿ ಎಂಬುದು ತಮಾಷೆ, ಅಲ್ವಾ? ಟ್ರೈಆಕ್ಸಿಸ್ ಮಾತ್ರ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ತಯಾರಾಯಿತು, ಹಠಮಾರಿ.

ಈಗ ಯಾರಾದರೂ ಸೆಕೆಂಡ್ ಹ್ಯಾಂಡ್ ರ‍್ಯಾಕ್ ಪ್ರಿಯಾಂಪ್ ತೆಗೆದುಕೊಳ್ಳಲೇ ಎಂದು ಕೇಳಿದರೆ ನಾನು ಮೊದಲು ಕೇಳುವುದು, ಯಾವುದಕ್ಕೆ? ರಸಮಂಜರಿಗಾದರೆ ಬೇಡ. ಆಂಪಿನ ಸದ್ದನ್ನು ಲೆಕ್ಕದಿಂದ ಹುಟ್ಟಿಸುವ ಒಂದು ಮಾಡೆಲರ್ ಪೆಡಲ್ ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಹೋಗಿ ಬನ್ನಿ. ನೇರ ಮಿಕ್ಸರಿಗೆ ಕೊಟ್ಟರೂ ಕಣಜ ಏಳುವುದಿಲ್ಲ. ಅನುಕೂಲದ ಲೆಕ್ಕದಲ್ಲಿ ರ‍್ಯಾಕ್ ಎಂದೋ ಸೋತಿದೆ. ಪವರ್ ಆಂಪ್, ಕ್ಯಾಬಿನೆಟ್ ಮೊದಲೇ ಇದ್ದು, ಆ ನಿರ್ದಿಷ್ಟ ವಾಲ್ವ್ ಸದ್ದೇ ಬೇಕು, ಮನೆಯಲ್ಲೋ ಸ್ಟುಡಿಯೋದಲ್ಲೋ ಒಂದೇ ಕಡೆ ಇಡುತ್ತೇನೆ ಎನ್ನುವವರು ತೆಗೆದುಕೊಳ್ಳಲಿ. ಹಿಂಬದಿಯಲ್ಲಿ ಬರೆದ ವೋಲ್ಟೇಜ್ ಓದಿ, ಎಲ್ಲ ಬಟನ್ ಒತ್ತಿ ನೋಡಿ. ನಮ್ಮ ಕಡಲ ಗಾಳಿಗೆ ಮೊದಲು ಕೈಕೊಡುವುದು ಬಟನ್ ಮತ್ತು ಜ್ಯಾಕ್. ಆಫ್ ಮಾಡಿ ಒಂದು ರಾತ್ರಿ ಬಿಟ್ಟು, ಮರುದಿನ ನೆನಪು ಹಾಗೇ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ನನ್ನದನ್ನು ಮಾರಿಲ್ಲ. ಸೆಲ್ ಬದಲಿಸಿದಾಗ ಸೋಲ್ಡರ್ ಬೇಡ ಎಂದು ಒಂದು ಹೋಲ್ಡರ್ ಹಾಕಿಸಿದೆ. ನಲವತ್ತರಲ್ಲಿ ನೆನಪಿನಿಂದ ಮತ್ತೆ ಕೂರಿಸಲಿಕ್ಕೆ ಆದದ್ದು ಒಂಬತ್ತು. ಆಮೇಲೆ ನೋಡಿದರೆ ಒಂದು ರಾತ್ರಿಗೆ ಅಷ್ಟೇ ಸಾಕಾಗುತ್ತಿತ್ತು. ಅವುಗಳ ಅಂಕಿಗಳನ್ನು ಮಗಳ ಹಳೆಯ ಕಾಪಿ ಪುಸ್ತಕದ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ರ‍್ಯಾಕಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಪಕ್ಕದಲ್ಲಿ ಮೈದಾನಕ್ಕೆ ಬೇಸ್ ಎಷ್ಟು ಇಳಿಸಬೇಕು ಎಂಬ ಇನ್ನೊಂದು ಸಾಲು.