ಸೈನ್ಯ ಎಣಿಸಿದರೆ ಗೆಲುವು ಗೊತ್ತಾಗುತ್ತದೆಯೇ?

ಪ್ರಶ್ನೆ: ಮಾಷ್ಟ್ರೇ, ಎರಡು ದೇಶಗಳ ಸೈನಿಕರು, ಟ್ಯಾಂಕು, ವಿಮಾನ ಎಣಿಸಿದರೆ ಯಾರು ಗೆಲ್ಲುತ್ತಾರೆಂದು ಗೊತ್ತಾಗುವುದಿಲ್ಲವೇ? ಯುದ್ಧತಂತ್ರದ ಚೌಕಟ್ಟುಗಳೆಲ್ಲ ಯಾಕೆ?

ಉತ್ತರ: ಗೊತ್ತಾಗುವುದಿಲ್ಲ. ಕುಂಬಳೆಯಿಂದ, ಬದಿಯಡ್ಕದಿಂದ, ಮಂಜೇಶ್ವರದಿಂದ ಈ ಪ್ರಶ್ನೆ ಬರುತ್ತಲೇ ಇದೆ. ಪರೀಕ್ಷೆಗೆ ಓದುವ ಮಕ್ಕಳೂ ಕೇಳುತ್ತಾರೆ, ಟಿವಿ ಚರ್ಚೆ ನೋಡಿದ ಹಿರಿಯರೂ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮುಂದಿನ ವಾರ ಮತ್ತೆ ಅದೇ. ಈ ಸಲ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ಚೌಕಟ್ಟು ಎಂದರೆ ಹೆದರುವಂಥದ್ದಲ್ಲ. ಗುರಿ ಏನು, ದಾರಿ ಯಾವುದು, ಕೈಯಲ್ಲಿರುವ ಸಾಧನ ಎಷ್ಟು ಎಂಬ ಮೂರನ್ನೂ ಒಟ್ಟಿಗೆ ತೂಗಿ ನೋಡುವುದು. ಅಮೆರಿಕದ ಸೇನಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಆರ್ಥರ್ ಲಿಕೆ 1989ರಲ್ಲಿ ಇದನ್ನು ಮೂರು ಕಾಲಿನ ಸ್ಟೂಲಿಗೆ ಹೋಲಿಸಿದರು. ಒಂದು ಕಾಲು ಗಿಡ್ಡವಾದರೆ ಸ್ಟೂಲು ವಾಲುತ್ತದೆ. ನಿಮ್ಮ ಎಣಿಕೆ ಅಳೆಯುವುದು ಸಾಧನವೆಂಬ ಒಂದೇ ಕಾಲನ್ನು.

ಯಕ್ಷಗಾನ ತಾಳಮದ್ದಳೆ ಕೇಳಿ ಬೆಳೆದ ಊರಿನವರು ಇದನ್ನು ಕೇಳುವುದೇ ನನಗೆ ಆಶ್ಚರ್ಯ. ಕೌರವರದು 11 ಅಕ್ಷೋಹಿಣಿ, ಪಾಂಡವರದು 7. ಆಯುಧ ಹಿಡಿಯದ ಕೃಷ್ಣನನ್ನು ಅರ್ಜುನ ಆರಿಸಿಕೊಂಡಾಗ, ಕೃಷ್ಣನ ನಾರಾಯಣೀ ಸೇನೆ ತನ್ನ ಪಾಲಿಗೆ ಬಂತೆಂದು ಹಿಗ್ಗಿದವನು ದುರ್ಯೋಧನ.

ಅದು ಪುರಾಣದ ಮಾತಾಯಿತು ಎನ್ನುವವರು 1940ರ ಫ್ರಾನ್ಸ್ ನೋಡಿ. ದಾಳಿಗೆ ಬಂದ ಜರ್ಮನಿಯ ಟ್ಯಾಂಕುಗಳು ಸುಮಾರು 2,500. ಫ್ರಾನ್ಸಿನ ಬಳಿ 3,000ಕ್ಕೂ ಹೆಚ್ಚಿದ್ದವು, ಹಲವುಗಳ ಉಕ್ಕಿನ ಕವಚವೂ ದಪ್ಪ. ಆದರೆ ಅವುಗಳಲ್ಲಿ ದೊಡ್ಡ ಪಾಲು ಕಾಲಾಳುಗಳ ಬೆಂಬಲಕ್ಕೆಂದು ಅಲ್ಲಲ್ಲಿ ಹಂಚಿಹೋಗಿದ್ದವು. ಎಷ್ಟೋ ಟ್ಯಾಂಕುಗಳಲ್ಲಿ ರೇಡಿಯೋ ಇರಲಿಲ್ಲ. ಜರ್ಮನರು ತಮ್ಮ 10 ಪಂಜರ್ ಡಿವಿಜನ್‌ಗಳಲ್ಲಿ (ಟ್ಯಾಂಕು ಪಡೆಗಳಲ್ಲಿ) 7ನ್ನು ಆರ್ಡೆನ್ಸ್ ಕಾಡಿನ ದಿಕ್ಕಿನಿಂದಲೇ ನುಗ್ಗಿಸಿದರು. ಮೇ 10ಕ್ಕೆ ದಾಳಿ ಶುರು, ಜೂನ್ 22ಕ್ಕೆ ಫ್ರಾನ್ಸ್ ಕದನವಿರಾಮಕ್ಕೆ ಸಹಿ ಹಾಕಿತು.

ಹಂಚಿಹೋದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟಿಷ್ ಎಂಜಿನಿಯರ್ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಮೊದಲ ಮಹಾಯುದ್ಧದ ಕಾಲದಲ್ಲೇ ಸೂತ್ರ ಕೊಟ್ಟಿದ್ದರು. ಪೆನ್ನು ಹಿಡಿದು ಕೂತುಕೊಳ್ಳಿ. ಒಂದು ಕಡೆ 1000 ಜನ, ಇನ್ನೊಂದು ಕಡೆ 750. ಎಲ್ಲರೂ ಸಮಾನ ಗುರಿಕಾರರು, ಎಲ್ಲರೂ ಎಲ್ಲರ ಮೇಲೆ ಗುಂಡು ಹಾರಿಸಬಲ್ಲರು, ಕೊನೆಯವರೆಗೂ ಕಾದಾಟ. ದೊಡ್ಡ ಸಂಖ್ಯೆಯ ವರ್ಗದಿಂದ ಚಿಕ್ಕದರ ವರ್ಗ ಕಳೆದು ವರ್ಗಮೂಲ ತೆಗೆಯಿರಿ: 1000ದವರು ಗೆಲ್ಲುತ್ತಾರೆ, 661 ಜನ ಉಳಿಯುತ್ತಾರೆ. ಈಗ ಅದೇ 1000 ಜನ 500, 500ರ ಎರಡು ಗುಂಪಾಗಿ ಒಂದರ ಹಿಂದೊಂದು ಬರಲಿ. 750ರವರು ಮೊದಲ ಗುಂಪನ್ನು ಮುಗಿಸಿದಾಗ ಅವರಲ್ಲಿ 559 ಜನ ಉಳಿದಿರುತ್ತಾರೆ. ಎರಡನೆಯದನ್ನೂ ಮುಗಿಸಿದಾಗ 250. ತಲೆ ಎಣಿಕೆ ಬದಲಾಗಲಿಲ್ಲ, ಗೆದ್ದವರು ಬದಲಾದರು. ನಿಜವಾದ ರಣರಂಗ ಇಷ್ಟು ಸರಳವಲ್ಲ, ಒಪ್ಪುತ್ತೇನೆ. ಭೂಮಿ, ಮಳೆ, ಸರಬರಾಜು ಸೇರಿಸಿದಷ್ಟೂ ಬರೀ ಎಣಿಕೆಗೆ ಬೆಲೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ಕೌಟಿಲ್ಯನೂ ಉತ್ಸಾಹಶಕ್ತಿಗಿಂತ, ಅಂದರೆ ರಾಜನ ಸ್ವಂತ ಶೌರ್ಯಕ್ಕಿಂತ, ಪ್ರಭುಶಕ್ತಿಯನ್ನು, ಅದಕ್ಕಿಂತ ಮಂತ್ರಶಕ್ತಿಯನ್ನು ಮೇಲಿಟ್ಟವನು. ಕೋಶ, ದಂಡು ಎರಡೂ ಪ್ರಭುಶಕ್ತಿಯಲ್ಲಿ ಬಂದವು. ಮಂತ್ರಶಕ್ತಿ, ಅಂದರೆ ಆಲೋಚನೆ, ಅದರ ಮೇಲೆ. ಇದನ್ನು ಹೇಳುವ ಅವನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಇಷ್ಟಾದ ಮೇಲೆ, ಯಾರೂ ಕೇಳದ ಒಂದು ಮಾತು. ಬೇಕಲ ಕೋಟೆಗೆ ಹೋದವರು ಫೋಟೋ ತೆಗೆದು ಬರುತ್ತೀರಿ. ಗೋಡೆಯ ಕಿಂಡಿಗಳು ಒಂದೇ ಎತ್ತರದಲ್ಲಿ ಯಾಕಿಲ್ಲ ಎಂದು ಒಬ್ಬರೂ ಕೇಳಿಲ್ಲ. ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆ, 17ನೇ ಶತಮಾನದ್ದು. ಮೇಲಿನ ಕಿಂಡಿ ದೂರದಲ್ಲಿರುವ ವೈರಿಗೆ, ಅದರ ಕೆಳಗಿನದು ಹತ್ತಿರವಾದವನಿಗೆ, ತಳದ್ದು ಗೋಡೆಯ ಬುಡಕ್ಕೇ ಬಂದವನಿಗೆ. ವೈರಿ ಎಷ್ಟು ಜನ ಎನ್ನುವುದಕ್ಕಿಂತ ಮೊದಲು, ಎಷ್ಟು ದೂರದಲ್ಲಿದ್ದಾನೆ ಎಂದು ಯೋಚಿಸಿ ಕಟ್ಟಿದ ಗೋಡೆ ಅದು. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋದಾಗ ಮೂರು ಕಿಂಡಿಗೂ ಒಂದೊಂದು ಸಲ ಕಣ್ಣಿಟ್ಟು ನೋಡಲು ಹೇಳಿ.