ಗೂಡು ಖಾಲಿ ಇದ್ದರೂ ‘ಜಾಗ ಇಲ್ಲ’ ಅಂತಾರಲ್ಲ, ಯಾಕೆ?

ಓದುಗರ ಪ್ರಶ್ನೆ: ನಮ್ಮ ಓಣಿಯಲ್ಲಿ ಸಿಕ್ಕ ನಾಲ್ಕು ನಾಯಿಮರಿಗಳನ್ನು ಕಲಬುರಗಿ ಹೊರಗಿನ ಒಂದು ಪ್ರಾಣಿ ಆಶ್ರಯಕ್ಕೆ ಒಯ್ದಿದ್ದೆ. ‘ಜಾಗ ಇಲ್ರಿ’ ಅಂತ ಗೇಟಿನಿಂದಲೇ ವಾಪಸ್ ಕಳಿಸಿದರು. ಒಳಗೆ ಎರಡು ಗೂಡು ಖಾಲಿ ಇದ್ದದ್ದು ನನ್ನ ಕಣ್ಣಿಗೇ ಕಾಣುತ್ತಿತ್ತು. ಹಾಗಾದರೆ ಅಲ್ಲಿ ಕೆಲಸಕ್ಕಿರುವವರು ದಿನವಿಡೀ ಮಾಡುವುದಾದರೂ ಏನು?

ಉತ್ತರ: ಈ ಪ್ರಶ್ನೆ ಮೇಲಿಂದ ಮೇಲೆ ಬರುತ್ತದೆ. ಮರಿಗಳ ಸಂಖ್ಯೆ ಒಮ್ಮೆ ನಾಲ್ಕು, ಒಮ್ಮೆ ಆರು; ಗೂಡು ಮಾತ್ರ ಪ್ರತಿ ಸಲವೂ ಖಾಲಿ. ನಿಮ್ಮ ಸಿಟ್ಟು ನನಗೆ ಗೊತ್ತು. ಅದೇ ಸಿಟ್ಟಿನಲ್ಲಿ ನಾನೂ ಒಮ್ಮೆ ಅಂಥದ್ದೇ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದ್ದೆ. ಕಾಲ ಹತ್ತಿರ ರಟ್ಟಿನ ಡಬ್ಬಿ, ಡಬ್ಬಿಯೊಳಗೆ ಮೂರು ಮರಿ. ಅವರು ಬೇಡ ಅಂದರು. ನಾನು ಪರಿಚಯದವರೊಬ್ಬರಿಂದ ಫೋನ್ ಮಾಡಿಸಿ, ಗಂಟು ಬಿದ್ದು, ಮರಿಗಳನ್ನು ಒಳಗೆ ಬಿಡಿಸಿಯೇ ಬಂದೆ. ಅವತ್ತು ರಾತ್ರಿ ಒಳ್ಳೆ ನಿದ್ದೆ ಬಂತು. ಮುಂದಿನದು ಆಮೇಲೆ ಹೇಳುತ್ತೇನೆ.

ಮೊದಲು ಆ ಖಾಲಿ ಗೂಡಿನ ವಿಷಯ. ನಮ್ಮ ಕಡೆ ಅರ್ಧಕ್ಕರ್ಧ ಮನೆಗಳಿಗೆ ಹಾಕಿದ ಹಾಗೆ ಅಲ್ಲಿಯೂ ನೆಲಕ್ಕೆ ಶಹಾಬಾದ್ ಫರ್ಶಿ. ಅಗ್ಗ, ಗಟ್ಟಿ, ಬೇಸಿಗೆಯಲ್ಲಿ ನಾಯಿ ಹೊಟ್ಟೆ ಊರಿ ಮಲಗಿದರೆ ತಂಪು. ತೊಂದರೆ ಇರುವುದು ಎರಡು ಫರ್ಶಿಗಳ ನಡುವಿನ ಸಂದಿನಲ್ಲಿ. ಪಾರ್ವೊ ಅನ್ನುವ ವೈರಸ್ ಅಲ್ಲಿ ಕೂತರೆ ತಿಂಗಳುಗಟ್ಟಲೆ ಸಾಯುವುದಿಲ್ಲ. ನಾಯಿಮರಿಗಳ ಕರುಳಿಗೆ ಬೀಳುವ ರೋಗ ಇದು: ವಾಂತಿ, ರಕ್ತ ಬೆರೆತ ಭೇದಿ, ಮೈಯಲ್ಲಿನ ನೀರೆಲ್ಲ ಬಸಿದುಹೋಗುವುದು. ಚಿಕಿತ್ಸೆ ಸಿಗದ ಮರಿಗಳಲ್ಲಿ ಬಹುಪಾಲು ಉಳಿಯುವುದಿಲ್ಲ. ನಾವು ಮನೆಯಲ್ಲಿ ಘಮಘಮ ಅಂತ ಹಾಕಿ ಒರೆಸುವ ಫಿನೈಲ್ ಇದಕ್ಕೆ ನಾಟುವುದಿಲ್ಲ. ಹೇಲು, ಮಣ್ಣು ಎಲ್ಲ ತಿಕ್ಕಿ ತೆಗೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ನೆಲ ಹಸಿಯಾಗಿಯೇ ಇರುವಂತೆ ಬಿಟ್ಟು, ತೊಳೆದು, ಬಿಸಿಲಿಗೆ ಒಣಗಿಸಬೇಕು. ಒಂದು ಸಲ ಮಾಡಿದರೆ ಸಾಲದು, ದಿನಾ ಮಾಡಬೇಕು. ನೀವು ನೋಡಿದ ಗೂಡಿನ ಬಾಗಿಲ ತಗಡಿನ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಒಂದು ತಾರೀಖು ಇದ್ದಿರಬಹುದು. ಆ ತಾರೀಖಿನವರೆಗೆ ಅದು ಖಾಲಿ ಗೂಡಲ್ಲ, ಮೈಲಿಗೆಯ ಗೂಡು.

ಇನ್ನು ಅದನ್ನು ತೊಳೆಯುವವರು ಯಾರು? ನಾನು ಈಗ ಭಾನುವಾರಗಳಲ್ಲಿ ಹೋಗುವ ಜಾಗದಲ್ಲಿ ಸಂಬಳಕ್ಕಿರುವವರು ಮೂರೇ ಜನ. ನಲವತ್ತರ ಆಸುಪಾಸು ನಾಯಿ, ಏಳೆಂಟು ಬೆಕ್ಕು, ಎಲ್ಲಿಂದಲೋ ಬಂದು ಸೇರಿಕೊಂಡ ಒಂದು ಕುಂಟ ಕತ್ತೆ. ನೆಲ ತೊಳೆಯುವ ಹೆಣ್ಣುಮಗಳನ್ನು ಎಲ್ಲರೂ ಅವ್ವ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಅವರ ಕೆಲಸ ಶುರು, ಯಾಕೆಂದರೆ ಒಂಬತ್ತರ ಮೇಲೆ ತಗಡಿನ ಕೆಳಗೆ ನಿಲ್ಲಲಾಗುವುದಿಲ್ಲ. ತೊಳೆಯುವುದಕ್ಕೊಂದು ಸರದಿ ಇದೆ: ಆರೋಗ್ಯವಾಗಿರುವ ಮರಿಗಳದ್ದು ಮೊದಲು, ಆಮೇಲೆ ದೊಡ್ಡವು, ಆಮೇಲೆ ಕಜ್ಜಿಯವು, ಕಟ್ಟಕಡೆಗೆ ಹರಡುವ ರೋಗ ಇದ್ದವನ್ನು ಬೇರೆ ಇಟ್ಟ ಕೋಣೆ. ಆ ಕೋಣೆಗೆ ಬೇರೆ ಕಸಬರಿಗೆ, ಬೇರೆ ಬಕೆಟ್, ಬೇರೆ ಚಪ್ಪಲಿ. ಮೂರಕ್ಕೂ ಕೆಂಪು ಅರಿವೆಯ ತುಂಡು ಕಟ್ಟಿದ್ದಾರೆ. ಓದಲು ಬಾರದವರಿಗೂ ತಪ್ಪಬಾರದು ಅಂತ ಅವ್ವನೇ ಮಾಡಿಕೊಂಡ ಗುರುತು.

ಒಮ್ಮೆ ನಾನಿದ್ದಾಗ ಮೂಲೆಯಲ್ಲಿ ಒಂದು ಮರಿ ಸುಮ್ಮನೆ ಕೂತಿತ್ತು. ನನಗೆ ಅದು ಶಾಣ್ಯಾ ಮರಿ ಅನ್ನಿಸಿತು, ಗದ್ದಲ ಇಲ್ಲ. ಅವ್ವ ಕಸಬರಿಗೆ ಗೋಡೆಗೆ ಒರಗಿಸಿ, ಕುಕ್ಕರುಗಾಲಲ್ಲಿ ಕೂತು ಅದರ ತುಟಿ ಎತ್ತಿದರು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು, ಏರಲಿಲ್ಲ. ಹೆಗಲ ಮೇಲಿನ ತೊಗಲು ಚಿವುಟಿ ಎತ್ತಿ ಬಿಟ್ಟರು. ತೊಗಲು ಜಾರಿ ಕೂಡಲಿಲ್ಲ, ಎತ್ತಿದ ಹಾಗೇ ನಿಂತಿತ್ತು. ‘ಮೈಯಾಗ ನೀರಿಲ್ಲ ಇದಕ. ಡಾಕ್ಟರಿಗೆ ಫೋನ್ ಹಚ್ಚು’ ಅಂದು, ಮೂಸಿ ನೋಡಿ, ‘ಅದೇ ವಾಸನಿ’ ಅಂದರು. ಆ ಭೇದಿಗೆ ಒಂದು ವಾಸನೆ ಇದೆ, ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಡಾಕ್ಟರ್ ಬಂದು ಪರೀಕ್ಷೆಯ ಕಿಟ್ ಹಾಕಿ ನೋಡಿದಾಗಲೂ ಪಾರ್ವೊ ಅಂತಲೇ ಬಂತು. ಅವತ್ತು ಮಧ್ಯಾಹ್ನದವರೆಗೂ ಸಲೈನ್ ಹನಿಯುತ್ತಿರುವಾಗ ಕಾಲು ಅಲುಗದಂತೆ ಹಿಡಿದು ಕೂತವರು ಅವ್ವ. ಹಾಗೆ ಕೂತಷ್ಟೂ ಹೊತ್ತು ಬೇರೆ ಗೂಡುಗಳ ಕೆಲಸ ನಿಂತಿತು. ಒಂದು ಕಾಯಿಲೆ ಮರಿ ಅಂದರೆ ಒಂದು ಮನುಷ್ಯನ ಅರ್ಧ ದಿನ.

ಇದನ್ನು ಲೆಕ್ಕದಲ್ಲೂ ಹೇಳಬಹುದು. ಅಮೆರಿಕದ ಪ್ರಾಣಿ ನಿಯಂತ್ರಣ ಸಂಘದವರ ಒಂದು ಅಳತೆ ಇದೆ: ಆಶ್ರಯದಲ್ಲಿರುವ ಪ್ರತಿ ಪ್ರಾಣಿಗೆ ದಿನಕ್ಕೆ ಕನಿಷ್ಠ 15 ನಿಮಿಷ. ಅದರಲ್ಲಿ 9 ಶುಚಿಗೆ, 6 ಊಟಕ್ಕೆ. ಔಷಧಿ, ಗಾಯ ತೊಳೆಯುವುದು, ಆಟ ಇದರಲ್ಲಿ ಸೇರಿಲ್ಲ. ನಲವತ್ತು ನಾಯಿಗೆ 600 ನಿಮಿಷ, ಅಂದರೆ ಹತ್ತು ತಾಸು. ಅಲ್ಲಿ ಪೈಪಿನಲ್ಲಿ ನೀರು ಬರುತ್ತದೆ, ಡಬ್ಬಿ ಒಡೆದರೆ ಊಟ ತಯಾರು. ಇಲ್ಲಿ ಟ್ಯಾಂಕರ್ ಬರುವವರೆಗೆ ಕಾಯಬೇಕು, ಒಲೆಯ ಮೇಲೆ ನುಚ್ಚು ಬೇಯಬೇಕು, ಕೋಳಿ ಅಂಗಡಿಯಿಂದ ಕಾಲು-ಕುತ್ತಿಗೆ ತರಬೇಕು. ಹಾಗಾಗಿ ‘ಜಾಗ ಇಲ್ರಿ’ ಅಂದದ್ದನ್ನು ನೀವು ‘ಕೈ ಇಲ್ರಿ’ ಅಂತ ಕೇಳಿಸಿಕೊಳ್ಳಬೇಕು. ನಾಚಿಕೆಗೋ ರೂಢಿಗೋ, ಯಾರೂ ಹಾಗೆ ಹೇಳುವುದಿಲ್ಲ.

(ಊಟದ ಮಾತು ಬಂತು ಅಂತ ಒಂದು ವಿಷಯ. ಮದುವೆ ಮನೆಯಲ್ಲಿ ಉಳಿದದ್ದನ್ನು ಪುಣ್ಯ ಅಂತ ತಂದು ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ಬಿರಿಯಾನಿಯ ಬೆಂದ ಎಲುಬು ಚೂಪಾಗಿ ಸೀಳಿ ಗಂಟಲಲ್ಲಿ, ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಅಕ್ಕಿ ತಂದುಕೊಡಿ.)

ಎರಡನೆಯವರು ಡ್ರೈವರ್. ಹೆಸರಿಗಷ್ಟೇ ಡ್ರೈವರ್, ನಾಯಿ ಹಿಡಿಯುವವರೂ ಅವರೇ. ಇಕ್ಕಳ, ತಂತಿ ಮುಟ್ಟುವಂತಿಲ್ಲ, ಬಲೆ ಇಲ್ಲವೇ ಬರಿಗೈ. ಗಾಯಗೊಂಡ ನಾಯಿ ಸಾಕಿದವರನ್ನೇ ಕಚ್ಚುತ್ತದೆ, ಇವರನ್ನು ಬಿಡುತ್ತದೆಯೇ? ಅದಕ್ಕೇ ಇಂಥ ಕೆಲಸಕ್ಕೆ ಬರುವವರು ಕಚ್ಚಿಸಿಕೊಳ್ಳುವ ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು: ಮೊದಲ ದಿನ, ಏಳನೇ ದಿನ, ಆಮೇಲೆ 21 ಇಲ್ಲವೇ 28ನೇ ದಿನ. ಹಾಗೆ ಹಾಕಿಸಿಕೊಂಡವರಿಗೆ ಮುಂದೆ ಕಡಿತವಾದಾಗ ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೊಂದು, ಮೂರನೇ ದಿನ ಇನ್ನೊಂದು ಡೋಸ್ ತಗೊಂಡರೆ ಸಾಕು. ನಮ್ಮ ಡ್ರೈವರಣ್ಣನ ಎಡ ಮುಂಗೈ ನೋಡಿದರೆ ಈ ಲೆಕ್ಕ ಅವರಿಗೆ ಯಾಕೆ ಬಾಯಿಪಾಠ ಅಂತ ತಿಳಿಯುತ್ತದೆ.

ಮೂರನೆಯವನು ಫೋನ್ ಹಿಡಿದ ಹುಡುಗ. ನನ್ನ ಕೇಳಿದರೆ ಇಡೀ ಜಾಗದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಅವನದು. ಅವನು ಕೇಳುವ ಮೊದಲ ಪ್ರಶ್ನೆ ‘ಎಲ್ಲಿ?’ ಅಲ್ಲ, ‘ಗಾಯದಾಗ ಹುಳ ಬಿದ್ದಾವೇನ್ರಿ?’ ಅಂತ. ಬಿಸಿಲುಗಾಲದಲ್ಲಿ ನೊಣ ಗಾಯದ ಮೇಲೆ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳವಾಗಿ ಮಾಂಸ ಕೊರೆಯಲು ಶುರು. ಕಿವಿಯ ಹಿಂದೆ ಬಿದ್ದರೆ ನಾಳೆ ಹೋಗಿ ನೋಡುವುದಕ್ಕೆ ನಾಯಿಯೇ ಇರುವುದಿಲ್ಲ. ಆಮೇಲಿನ ಪ್ರಶ್ನೆ: ಎದ್ದು ನಿಲ್ತದೇನು, ಉಚ್ಚಿ ಹೊಯ್ದದೇನು. ಬೆನ್ನೆಲುಬು ಮುರಿದಿದೆಯೋ ಇಲ್ಲವೋ ಅಂತ ಅಂದಾಜು ಹಾಕುವ ದಾರಿ ಅದು. ಹೀಗೆ ಕೇಳಿ ಕೇಳಿ ಸಾಲು ಕಟ್ಟುತ್ತಾನೆ. ಓಡಾಡಿಕೊಂಡಿರುವ ಗುಂಡು ಗುಂಡು ಮರಿಗಳು ಆ ಸಾಲಿನ ತುದಿಗೆ ನಿಲ್ಲುತ್ತವೆ. ನಿಮ್ಮವು ನಿಂತದ್ದು ಅಲ್ಲೇ.

ಬೈಗುಳವೂ ಅವನ ಪಾಲಿಗೇ. 2025ರ ಕೊನೆಗೆ ಬರುತ್ತಿದ್ದ ಫೋನುಗಳೇ ಬೇರೆ ಥರ: ‘ಕೋರ್ಟ್ ಹೇಳೈತಲ್ಲ, ಎಲ್ಲಾ ನಾಯಿ ಬಂದು ಒಯ್ರಿ.’ ಆ ವರ್ಷ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಕ್ಕೆ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಹೌದು. 22ಕ್ಕೆ ಅದನ್ನೇ ತಿದ್ದಿ, ಸಂತಾನಹರಣ, ಲಸಿಕೆ ಮುಗಿಸಿ ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವವನ್ನೂ ಮೈಮೇಲೆ ಬೀಳುವವನ್ನೂ ಮಾತ್ರ ಬಿಡಬೇಡಿ ಅಂದಿತು. ನವೆಂಬರ್ 7ಕ್ಕೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಿಂದ ನಾಯಿ ತೆಗೆದು ಆಶ್ರಯಕ್ಕೆ ಒಯ್ಯಿರಿ ಅಂತ ಸ್ಥಳೀಯ ಆಡಳಿತಗಳಿಗೆ ಹೇಳಿತು. ಮೂರು ಜನರ ಆಶ್ರಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೂ ಅಲ್ಲದೆ, 2023ರ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತಾ ಪತ್ರ ಇಲ್ಲದೆ ಯಾರೂ ಬೀದಿನಾಯಿಗಳ ಸಂತಾನಹರಣದ ಕಾರ್ಯಕ್ರಮ ನಡೆಸುವಂತಿಲ್ಲ. ‘ನಿಮ್ಮ ಬಲ್ಲಿ ಡಾಕ್ಟರ್ ಅದಾರಲ್ಲ, ನೀವೇ ಮಾಡ್ರಿ’ ಅನ್ನುವವರಿಗೆ ಇದನ್ನು ವಿವರಿಸುವಷ್ಟರಲ್ಲಿ ಇನ್ನೊಂದು ಫೋನ್.

ಡಾಕ್ಟರ್ ಪೂರ್ತಿ ಹೊತ್ತು ಇರುವುದಿಲ್ಲ, ವಾರಕ್ಕೆ ಮೂರು ಸಲ ಬಂದು ಹೋಗುತ್ತಾರೆ. ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯ ಇರುವುದೇ ಪಕ್ಕದ ಬೀದರಿನ ನಂದಿನಗರದಲ್ಲಿ, ಆದರೂ ಓದಿ ಹೊರಬರುವ ಹುಡುಗ-ಹುಡುಗಿಯರಿಗೆ ನಮ್ಮಂಥ ಆಶ್ರಯ ಕೊಡಬಲ್ಲ ಸಂಬಳ ನೋಡಿದರೆ ಯಾರನ್ನೂ ದೂರುವ ಹಾಗಿಲ್ಲ. 1984ರ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಮಾಡಬೇಕಾದವರು ನೋಂದಾಯಿತ ವೈದ್ಯರೇ. ಅವ್ವನಿಗೆ ಎಷ್ಟೇ ಗೊತ್ತಿದ್ದರೂ ಡಾಕ್ಟರ್ ಹೇಳಿದ್ದನ್ನಷ್ಟೇ ಮಾಡಬಹುದು. ಇನ್ನು ವಾಸಿಯಾಗದ, ನರಳುತ್ತಲೇ ಇರುವ ಪ್ರಾಣಿಗೆ ದಯಾಮರಣದ ಸೂಜಿ ಹಾಕುವುದೂ ಡಾಕ್ಟರೇ. ತಲೆ ಹಿಡಿದು ಕೂರುವುದು ಮಾತ್ರ ಮತ್ತೆ ಇದೇ ಮೂವರಲ್ಲಿ ಒಬ್ಬರು. ಅಂಥ ದಿನ ಅವ್ವ ಊಟ ಮಾಡದೆ ಮನೆಗೆ ಹೋಗುತ್ತಾರೆ. ಮರುದಿನ ಐದೂವರೆಗೆ ಕಸಬರಿಗೆಯ ಸಪ್ಪಳ ಕೇಳುತ್ತದೆ.

ಈಗ ನನ್ನ ಮೂರು ಮರಿಗಳ ಕಥೆ. ನಾನು ಬಿಟ್ಟು ಬಂದ ಐದನೇ ದಿನ ಒಂದಕ್ಕೆ ವಾಂತಿ ಶುರುವಾಯಿತು. ಪಾರ್ವೊ ಹೊಕ್ಕ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ನನ್ನ ಡಬ್ಬಿಯಲ್ಲೇ ಬಂದಿತ್ತೋ, ಅಲ್ಲಿನ ಫರ್ಶಿಯಿಂದ ಹತ್ತಿತೋ, ಹೇಳುವುದು ಹೇಗೆ? ಮೂರರಲ್ಲಿ ಎರಡು ಹೋದವು. ಪಕ್ಕದ ಗೂಡಿನಲ್ಲಿ ಮೊದಲೇ ಇದ್ದ ಇನ್ನೆರಡೂ ಹೋದವು. ಯಾರೂ ನನಗೆ ಒಂದು ಮಾತು ಆಡಲಿಲ್ಲ. ಹತ್ತು ದಿನ ಬಿಟ್ಟು ಬಿಸ್ಕತ್ತಿನ ಪೊಟ್ಟಣ ಹಿಡಿದು ನೋಡಲು ಹೋದಾಗ ನನಗೇ ಗೊತ್ತಾದದ್ದು. ಉಳಿದ ಒಂದಕ್ಕೆ ಈಗ ನಾಲ್ಕು ವರ್ಷ, ಕರಿ ಮೈ, ಒಂದು ಕಾಲಿಗೆ ಮಾತ್ರ ಬಿಳಿ ಸಾಕ್ಸ್. ಗೇಟಿನ ಹತ್ತಿರ ಮಲಗಿ ಬಂದವರನ್ನೆಲ್ಲ ತಪಾಸಣೆ ಮಾಡುತ್ತದೆ, ಅದಕ್ಕೇ ಅದರ ಹೆಸರು ಸಾಹೇಬ.

ಇಷ್ಟು ಹೇಳಿದ ಮೇಲೆ ನಿಮಗೆ ಬೇಜಾರಾದರೂ ಒಂದು ಕೇಳಲೇಬೇಕು. ಆ ನಾಲ್ಕು ಮರಿಗಳು ನಿಜಕ್ಕೂ ತಬ್ಬಲಿಯಾಗಿದ್ದವೇ? ತಾಯಿ ನಾಯಿ ತುತ್ತು ಹುಡುಕಿಕೊಂಡು ತಾಸುಗಟ್ಟಲೆ ಆಚೆ ಹೋಗುತ್ತದೆ. ಮರಿ ಒಂಟಿ ಕಂಡಿತು ಅಂತ ಎತ್ತಿಕೊಂಡು ಬಂದರೆ ಅವತ್ತೇ ಅವು ತಬ್ಬಲಿಗಳಾಗುತ್ತವೆ. ಮರಿ ಬೆಚ್ಚಗಿದ್ದು, ಹೊಟ್ಟೆ ದುಂಡಗಿದ್ದು, ನಿದ್ದೆ ಮಾಡುತ್ತಿದ್ದರೆ ದೂರ ನಿಂತು ನಾಲ್ಕಾರು ತಾಸು ನೋಡಿ. ಎಂಟು ವಾರದವರೆಗೆ ತಾಯಿಯ ಜೊತೆ ಇದ್ದರೆ ಒಳ್ಳೆಯದು. ಕೂರಲು ನೆರಳಿಗೊಂದು ತಗಡು, ತಾಯಿಗೆ ಒಂದು ಬೋಗುಣಿ ನೀರು, ಮೇ ತಿಂಗಳಾದರೆ ಎರಡು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ ಹಾಕಿಸಬೇಕು. ಒಂದೇ ಸೂಜಿ ಹಾಕಿಸಿ ‘ಆಯ್ತು’ ಅಂದುಕೊಳ್ಳುವವರ ಮರಿಗಳೇ ಪಾರ್ವೊಗೆ ಸಿಗುವುದು ಹೆಚ್ಚು, ಯಾಕೆಂದರೆ ತಾಯಿಹಾಲಿನ ರಕ್ಷಣೆ ಇನ್ನೂ ಮೈಯಲ್ಲಿದ್ದಾಗ ಆ ಮೊದಲ ಲಸಿಕೆ ಎಷ್ಟೋ ಸಲ ಹತ್ತುವುದೇ ಇಲ್ಲ. ಆಶ್ರಯದವರು ಇಂಥ ಹೊತ್ತಿನಲ್ಲಿ ಖುಷಿಯಿಂದ ಒಪ್ಪುವುದು ಬೇರೆ ಒಂದನ್ನು: ಮರಿಗಳು ನಿಮ್ಮ ಅಂಗಳದಲ್ಲೇ ಇರಲಿ, ಲಸಿಕೆ ನಾವು ಹಾಕಿಸುತ್ತೇವೆ, ಸಾಕುವವರನ್ನು ನಾವು ಹುಡುಕುತ್ತೇವೆ ಅನ್ನುವ ಒಪ್ಪಂದ. ನಿಮ್ಮಲ್ಲಿ ಅಂಗಳ ಇದ್ದರೆ ಕೇಳಿ ನೋಡಿ.

ನಿಮಗೆ ಇನ್ನೂ ಅನುಮಾನ ಇದ್ದರೆ ಒಂದು ಭಾನುವಾರ ಹೋಗಿ, ಆದರೆ ಮೊದಲು ಫೋನ್ ಮಾಡಿ. ಆರಕ್ಕೆ ತಲುಪಿದರೆ ನಿಮಗೂ ಒಂದು ಕಸಬರಿಗೆ ಸಿಗುತ್ತದೆ. ಮರಿಗಳನ್ನು ಎತ್ತಿಕೊಳ್ಳಬೇಕು ಅನ್ನಿಸುತ್ತದೆ, ಅವ್ವ ಬಿಡುವುದಿಲ್ಲ. ನಾನು ಇಷ್ಟು ವರ್ಷ ಹೋದರೂ ನನಗೂ ಗೇಟಿನಲ್ಲಿ ಅದೇ ಮಾತು: ‘ಚಪ್ಪಲಿ ಹೊರಗ ಬಿಡ್ರಿ. ಕೈ ತೊಳ್ಕೊಂಡು ಬರ್ರಿ.’