ಮೂಳೆ ವಾರ್ಡಿನ ಎರಡನೇ ರಾತ್ರಿ: ಅಫೀಮಿನ ಚಟಕ್ಕೆ ಔಷಧ ಬಂದ ದಾರಿ

ಹೆದ್ದಾರಿಯಲ್ಲಿ ಕಾಲು ಮುರಿದುಕೊಂಡು ಹುಬ್ಬಳ್ಳಿಯ ಆಸ್ಪತ್ರೆ ಸೇರಿದವರಲ್ಲಿ ಕೆಲವರು ಎರಡನೇ ರಾತ್ರಿಗೇ ಚಡಪಡಿಸತೊಡಗುತ್ತಾರೆ. ಆಕಳಿಕೆ ನಿಲ್ಲುವುದಿಲ್ಲ, ಮೂಗು ಸೋರುತ್ತದೆ, ಮೈಗೆ ಮುಳ್ಳು ಬರುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ. ‘ಎಲುಬೆಲ್ಲಾ ಕಡೀತಾವ್ರೀ ಸಿಸ್ಟರ್, ಒಂದ್ ಇಂಜೆಕ್ಷನ್ ಹಾಕ್ರೀ’ ಎಂದು ಗೋಗರೆದರೆ ನಾಟಕ ಅನ್ನಿಸಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ರೋಗಿ ಸಹಿ ಹಾಕಿ ಹೊರಟಿರುತ್ತಾನೆ. ಅವನನ್ನು ಎಬ್ಬಿಸಿದ್ದು ಹಠವಲ್ಲ, ದಿನಾ ನುಂಗುತ್ತಿದ್ದ ಟ್ರಮಡಾಲ್ ಎಂಬ ಅಫೀಮು ಜಾತಿಯ ನೋವಿನ ಗುಳಿಗೆ ಥಟ್ಟನೆ ನಿಂತದ್ದು.

ಹಠವೆಂದು ನೋಡುವ ಈ ಕಣ್ಣು ಹಳೆಯದು. ಧಾರವಾಡ ಮುಂಬೈ ಪ್ರಾಂತದಲ್ಲಿದ್ದಾಗ 1878ರ ಅಫೀಮು ಕಾಯ್ದೆಯಡಿ ಪರವಾನಗಿ ಅಂಗಡಿಯಲ್ಲೇ ಅಫೀಮು ಸಿಗುತ್ತಿತ್ತು, ಸರಕಾರಕ್ಕೆ ಅದು ಆದಾಯ. 1985ರ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆ ಬಂದಮೇಲೆ ಚಟದ ಮಾತೆತ್ತಿದರೆ ಮೊದಲು ನೆನಪಾಗುವುದು ಪೊಲೀಸ್ ಠಾಣೆ. 1989ರ ತಿದ್ದುಪಡಿಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಕೆಲವು ಪ್ರಕರಣಗಳಲ್ಲಿ ಶಿಕ್ಷೆಯಿಂದ ರಕ್ಷಣೆ ಕೊಟ್ಟಿತು. ಆದರೆ ಆ ಕಲಂ ಗೊತ್ತಿರುವ ರೋಗಿಗಳು ಎಷ್ಟು ಮಂದಿ?

ಔಷಧದ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1965ರಲ್ಲಿ ನ್ಯೂಯಾರ್ಕಿನ ವೈದ್ಯರು ಹೆರಾಯಿನ್ ವ್ಯಸನಿಗಳಿಗೆ ದಿನಾ ಮೆಥಡೋನ್ ಎಂಬ, ಹೆಚ್ಚು ಹೊತ್ತು ಕೆಲಸಮಾಡುವ ಅಫೀಮು ಜಾತಿಯ ಔಷಧ ಕೊಟ್ಟು ನೋಡಿದ್ದನ್ನು ವರದಿ ಮಾಡಿದರು. ನಮ್ಮಲ್ಲಿ 1990ರ ದಶಕದಲ್ಲಿ ಅದೇ ಕೆಲಸಕ್ಕೆ ಬ್ಯುಪ್ರಿನಾರ್ಫಿನ್ ಎಂಬ ಔಷಧದ ಬಳಕೆ ಶುರುವಾಯಿತು. ಮುಂದೆ ಸೂಜಿಯಿಂದ ಎಚ್‌ಐವಿ ಹರಡದಿರಲೆಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೊ ಇದನ್ನೇ ಕೈಗೆತ್ತಿಕೊಂಡಿತು. ಹೀಗಾಗಿ ಇಡೀ ವ್ಯವಸ್ಥೆ ಸೂಜಿ ಚುಚ್ಚಿಕೊಳ್ಳುವವರ ಸುತ್ತ ಬೆಳೆಯಿತು. ಟ್ರಮಡಾಲ್ ಎನ್‌ಡಿಪಿಎಸ್ ಹಿಡಿತಕ್ಕೆ ಬಂದದ್ದು 2018ರಲ್ಲಿ. ಗುಳಿಗೆ ನುಂಗುವವನು ವ್ಯಸನಮುಕ್ತಿ ಕೇಂದ್ರದ ಬಾಗಿಲು ಬಡಿಯುವುದು ಕಡಿಮೆ. ಅವನು ಸಿಗುವುದು ಮೂಳೆ ವಾರ್ಡಿನಲ್ಲೇ.

ಬೇರೆ ಕಾಯಿಲೆಗೆ ದಾಖಲಾದವರಿಗೆ ಅಲ್ಲಿಯೇ ಔಷಧ ಶುರುಮಾಡಿದರೆ ಏನಾಗುತ್ತದೆ? ಅಮೆರಿಕದಲ್ಲಿ 139 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕೇಳಿತ್ತು. ವಾರ್ಡಿನಲ್ಲಿ ಬ್ಯುಪ್ರಿನಾರ್ಫಿನ್ ಆರಂಭಿಸಿ ಹೊರಗಿನ ಕ್ಲಿನಿಕ್ಕಿಗೆ ಜೋಡಿಸಿದವರಲ್ಲಿ ಶೇ 72ರಷ್ಟು ಮಂದಿ ಅಲ್ಲಿ ಚಿಕಿತ್ಸೆಗೆ ಸೇರಿದರು. ಕೆಲವು ದಿನ ಕೊಟ್ಟು ನಿಲ್ಲಿಸಿದವರಲ್ಲಿ ಸೇರಿದ್ದು ಶೇ 12. ಆರು ತಿಂಗಳಿಗೆ ಮೊದಲ ಗುಂಪಿನಲ್ಲೂ ಉಳಿದವರು ಶೇ 17 ಮಾತ್ರ. ಶುರುಮಾಡುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ.

ಶುರುಮಾಡುವಲ್ಲಿ ಹೆಚ್ಚಾಗಿ ಎಡವುವುದು ಹೊತ್ತಿನ ವಿಷಯದಲ್ಲಿ. ಬ್ಯುಪ್ರಿನಾರ್ಫಿನ್ ಮಿದುಳಿನಲ್ಲಿ ಅಫೀಮು ಕೂರುವ ಜಾಗಕ್ಕೆ, ಅಂದರೆ ಗ್ರಾಹಕಕ್ಕೆ, ಗಟ್ಟಿಯಾಗಿ ಅಂಟುತ್ತದೆ, ಆದರೆ ಅದನ್ನು ಅರ್ಧ ಮಾತ್ರ ಎಚ್ಚರಿಸುತ್ತದೆ. ಹಳೆಯ ಗುಳಿಗೆ ಇನ್ನೂ ಅಲ್ಲಿರುವಾಗಲೇ ಕೊಟ್ಟರೆ ಅದನ್ನು ತಳ್ಳಿ ತಾನು ಕೂತು, ನಿಧಾನ ಬರಬೇಕಿದ್ದ ಯಾತನೆಯನ್ನು ಒಂದೇ ತಾಸಿನಲ್ಲಿ ತರುತ್ತದೆ. ಆ ಅನುಭವವಾದ ರೋಗಿ ಮತ್ತೆ ಆ ಗುಳಿಗೆ ಮುಟ್ಟಲು ಒಪ್ಪುವುದು ಕಷ್ಟ. ಆದ್ದರಿಂದ ಟ್ರಮಡಾಲ್‌ನಂಥ ಸಾಮಾನ್ಯ ಗುಳಿಗೆಯಾದರೆ ಕೊನೆಯದು ನುಂಗಿದ ಮೇಲೆ 12ರಿಂದ 24 ತಾಸು ಕಾಯಬೇಕು, ಮೆಥಡೋನ್ ಆದರೆ ಇನ್ನೂ ಹೆಚ್ಚು. ನಾಡಿ, ಬೆವರು, ಪಾಪೆ, ಆಕಳಿಕೆ ಸೇರಿ 11 ಲಕ್ಷಣಗಳಿಗೆ ಅಂಕ ಹಾಕಿ ಯಾತನೆ ಎಷ್ಟೆಂದು ಅಳೆಯುವ ‘ಕೌಸ್’ ಪಟ್ಟಿಯಲ್ಲಿ 8–12 ದಾಟಿದ ಮೇಲೆ 2 ಮಿ.ಗ್ರಾಂ. ನಾಲಿಗೆಯಡಿ ಇಡಬೇಕು. ಕರಗುವವರೆಗೆ ನುಂಗಬಾರದು, ನೀರು ಕುಡಿಯಬಾರದು. ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಹಾಳಾಗುತ್ತದೆ. ಒಂದೆರಡು ತಾಸು ನೋಡಿ ಮತ್ತೆ 2. ಮೊದಲ ದಿನ ಒಟ್ಟು ಸಾಮಾನ್ಯವಾಗಿ 8 ಮಿ.ಗ್ರಾಂ. ಒಳಗೆ. ಟ್ರಮಡಾಲ್ ಹೆಚ್ಚು ನುಂಗಿದವರಿಗೆ ಫಿಟ್ಸ್ ಬರಬಹುದೆಂಬ ಎಚ್ಚರವೂ ಇರಬೇಕು.

ಶಸ್ತ್ರಚಿಕಿತ್ಸೆ ಎಂದು ಬ್ಯುಪ್ರಿನಾರ್ಫಿನ್ ನಿಲ್ಲಿಸುವುದು ಹಳೆಯ ರೂಢಿ. ಈಗಿನ ಪದ್ಧತಿಯಲ್ಲಿ ಅದೇ ಪ್ರಮಾಣವನ್ನು ದಿನಕ್ಕೆ ಮೂರ್ನಾಲ್ಕು ಸಲ ಹಂಚಿ, ನೋವಿಗೆ ಬೇರೆ ಔಷಧ ಸೇರಿಸುತ್ತಾರೆ.

ಕೊನೆಗೆ ಬಿಡುಗಡೆಯ ದಿನ. ಬ್ಯುಪ್ರಿನಾರ್ಫಿನ್‌ನ 2 ಮಿ.ಗ್ರಾಂ ಗುಳಿಗೆ ಬೀದಿಯ ಔಷಧ ಅಂಗಡಿಯಲ್ಲಿ ಸಿಗುವುದಲ್ಲ, ವ್ಯಸನಮುಕ್ತಿ ಕೇಂದ್ರದ ಮೂಲಕವೇ ಬರಬೇಕು. ಹಾವೇರಿ, ಗದಗ ಕಡೆಯವರು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗುವುದಾದರೆ ಹೋಗುವ ತಾರೀಕು, ಕೊನೆಯ ಪ್ರಮಾಣ, ಕೊಟ್ಟ ಹೊತ್ತು ಚೀಟಿಯಲ್ಲಿರಲಿ. ಶನಿವಾರ ಮಧ್ಯಾಹ್ನ ಬರಿಗೈಯಲ್ಲಿ ಕಳಿಸಿದರೆ ಸೋಮವಾರದೊಳಗೆ ಹಳೆಯ ಗುಳಿಗೆಗೆ ಮರಳುವುದೇ ಹೆಚ್ಚು. ಔಷಧವಿಲ್ಲದೆ ವಾರಗಟ್ಟಲೆ ಬಿಟ್ಟವನಾದರೆ ಮೈ ಹಳೆಯ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮುಂಚಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇದನ್ನು ಜೊತೆಗೆ ಬಂದ ಹೆಂಡತಿಗೋ ಅಣ್ಣನಿಗೋ ವಾರ್ಡಿನಲ್ಲೇ ಕೂರಿಸಿ ಹೇಳಬೇಕು.